ಗುಂಡಿಗೆ ಕುಲುಕದ ಕಾರು

ನನ್ನ ಗಂಡನ ಕಾರನ್ನು ನಾನು ಸವತಿ ಎಂದೇ ಕರೆಯುತ್ತಿದ್ದೆ. ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಅದನ್ನು ಹತ್ತುವುದಲ್ಲ, ಅದರೊಳಗೆ ಇಳಿಯಬೇಕು. ಇವರಿಗೆ ಮಾರಿದ ಪುಣ್ಯಾತ್ಮ ಅದನ್ನು ಇನ್ನಷ್ಟು ತಗ್ಗಿಸಿ, ಗಟ್ಟಿ ಸ್ಪ್ರಿಂಗು ಹಾಕಿಸಿ, ದೊಡ್ಡ ಚಕ್ರಗಳಿಗೆ ತೆಳ್ಳನೆಯ ಟೈರು ತೊಡಿಸಿದ್ದ. ರೇಸಿನ ಮೈದಾನದಲ್ಲಿ ಚೆನ್ನಾಗಿರಬಹುದು. ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡಿನ ನಮ್ಮ ಬೀದಿಗಳಲ್ಲಿ ಕೌನ್ಸಿಲ್‌ನವರು ಬಂದು, ಮುಚ್ಚಬೇಕಾದ ಗುಂಡಿಯ ಸುತ್ತ ಬಣ್ಣದ ಗೆರೆ ಎಳೆದು ಹೋಗುತ್ತಾರೆ. ಗೆರೆ ಮಾಸಿದ ಮೇಲೆ ಮತ್ತೆ ಬಂದು ಎಳೆಯುತ್ತಾರೆ. ಒಂದೊಂದು ಗುಂಡಿಗೂ ಸೊಂಟದಿಂದ ಹಲ್ಲಿನವರೆಗೆ ಏಟು ಹತ್ತುತ್ತಿತ್ತು.

"ರೋಡ್ ಫೀಲ್ ಅಂದ್ರೆ ಇದೇ," ಎನ್ನುತ್ತಿದ್ದರು ಇವರು.

"ನಿಮ್ಮ ಫೀಲ್‌ಗಿಷ್ಟು ಬೆಂಕಿ ಹಾಕ," ಎನ್ನುತ್ತಿದ್ದೆ ನಾನು.

ಇವರು ಮೈಸೂರಿನವರು, ಏರ್‌ಪೋರ್ಟಿನಲ್ಲಿ ವಿಮಾನ ರಿಪೇರಿಯ ಕೆಲಸ. ನಾನು ಹುಬ್ಬಳ್ಳಿಯವಳು, ಔಷಧ ಕಾರ್ಖಾನೆಯ ಲ್ಯಾಬಿನಲ್ಲಿದ್ದೇನೆ. ಬೆಳಿಗ್ಗೆ ನನ್ನನ್ನು ಇಳಿಸಿ ಇವರು ಮುಂದೆ ಹೋಗುತ್ತಿದ್ದರು. ಹೀಗೇ ಬೈದುಕೊಂಡು ನಗುತ್ತಾ ನಡೆದಿತ್ತು ಸಂಸಾರ. ಆಮೇಲೆ ನಾನು ಮೂರನೇ ಸಲ ಬಸಿರಾದೆ. ಹಿಂದಿನ ಎರಡೂ ನಿಂತಿರಲಿಲ್ಲ. ಮೂರು ತಿಂಗಳು ದಾಟುವವರೆಗೆ ನಾವು ಯಾರಿಗೂ ಬಾಯಿ ಬಿಡಲಿಲ್ಲ, ಒಬ್ಬರಿಗೊಬ್ಬರು ಕೂಡ ಜೋರಾಗಿ ಹೇಳಿಕೊಳ್ಳಲಿಲ್ಲ.

ಹುಬ್ಬಳ್ಳಿಯಲ್ಲಿರುವ ಅವ್ವನಿಗೆ ಹೇಳಿದ ವಾರವೇ ಎಡವಟ್ಟಾಯಿತು. ಕಾರಿನಲ್ಲಿ ಹೋಗುತ್ತಿರುವಾಗ ಅವಳ ವಿಡಿಯೋ ಕಾಲ್ ಬಂತು. ನಾನು ಎತ್ತಿದೆ, ಅಷ್ಟರಲ್ಲಿ ಕಾರು ಗುಂಡಿಗೆ ಬಿತ್ತು. ಫೋನು ಕೈಯಿಂದ ಹಾರಿತು, ನನ್ನ ತಲೆ ಕಾರಿನ ಸೂರಿಗೆ ತಾಗಿತು. ಕಾಲಡಿಯಿಂದ ಅವ್ವನ ಕೂಗು ಕೇಳಿಸುತ್ತಿತ್ತು.

"ನಿಂದ್ರಸ್ರಿ! ಮದ್ಲ ಗಾಡಿ ನಿಂದ್ರಸ್ರಿ! ಎರಡು ಕಳ್ಕೊಂಡೀರಿ, ಇದನ್ನಾರ ಉಳಿಸ್ಕೋರಿ. ಆ ಕುಣಿಯೋ ಗಾಡ್ಯಾಗ ನನ್ನ ಮಗಳನ್ನ ಕೂಡಸಬ್ಯಾಡ್ರಿ!"

ಅವ್ವ ಎಂದೂ ಅಳಿಯನಿಗೆ ದನಿ ಎತ್ತಿದವಳಲ್ಲ. ಇವರ ಮುಖ ಬಿಳಿಚಿಕೊಂಡಿತು. ರಸ್ತೆ ಪಕ್ಕಕ್ಕೆ ಕಾರು ನಿಲ್ಲಿಸಿ, "ನೋವಾಯ್ತಾ? ಹೊಟ್ಟೆಲಿ ಏನಾದ್ರೂ ಆಗ್ತಿದೆಯಾ?" ಎಂದು ಕೇಳಿದ್ದನ್ನೇ ಕೇಳಿದರು. ಏನೂ ಆಗಿರಲಿಲ್ಲ. ಆದರೂ ಉಳಿದ ದಾರಿಯನ್ನು ನಾವು ನಡೆಯುವವರ ವೇಗದಲ್ಲಿ ಹೋದೆವು. ಹಿಂದಿನವರ ಹಾರ್ನಿಗೆ ಲೆಕ್ಕವಿರಲಿಲ್ಲ.

ಬಸುರಿಯರನ್ನು ನೋಡಿಕೊಳ್ಳುವ ಮಿಡ್‌ವೈಫ್ ಹತ್ತಿರ ಕೇಳಿದೆವು. ಆಕೆ ನಕ್ಕು, ಕಾರು ಕುಲುಕಿದರೆ ಮಗು ಹೋಗುವುದಿಲ್ಲ, ಬೆಲ್ಟು ಮಾತ್ರ ಹೊಟ್ಟೆಯ ಕೆಳಗೆ ಕಟ್ಟಿಕೋ ಎಂದರು. ನಾನು ವಿಜ್ಞಾನ ಓದಿದವಳು, ನನಗೂ ಅದು ಗೊತ್ತಿತ್ತು. ಇವರಿಗೂ ಗೊತ್ತಿತ್ತು. ಗೊತ್ತಿದ್ದರೆ ಏನು ಬಂತು? ಪ್ರತಿ ಗುಂಡಿಗೂ ನನ್ನ ಕೈ ತಾನಾಗಿ ಹೊಟ್ಟೆಗೆ ಹೋಗುತ್ತಿತ್ತು, ಇವರ ಕಣ್ಣು ರಸ್ತೆ ಬಿಟ್ಟು ನನ್ನ ಕೈ ನೋಡುತ್ತಿತ್ತು. ಬಸ್ಸಿಗೆ ಹೋಗೋಣ ಎಂದರೆ ಬಸ್ಸೂ ಅದೇ ಗುಂಡಿಗಳ ಮೇಲೆ ಹೋಗುತ್ತಿತ್ತು.

"ಮಾರಿಬಿಡಿ ಈ ದರಿದ್ರಾನ," ಎಂದೆ. "ಎರಡು ಸೀಟಿನ ಕಾರಲ್ಲಿ ಮಗೂನ ಎಲ್ಲಿ ಕೂರಿಸ್ತೀರಾ? ಡಿಕ್ಕೀಲಾ?"

"ಹುಟ್ಟಲಿ, ಮಾರ್ತೀನಿ. ಆಣೆ ಮಾಡಿ ಹೇಳ್ತೀನಿ. ಅಲ್ಲೀವರೆಗೆ ಗೊತ್ತಿಲ್ಲದ ಇನ್ನೊಂದು ಕಾರನ್ನ ನಾನು ನಂಬಲ್ಲ. ಇದರ ಒಂದೊಂದು ನಟ್ಟೂ ನನಗೆ ಗೊತ್ತು. ಇದನ್ನೇ ಮೆತ್ತಗೆ ಮಾಡ್ತೀನಿ."

ಮಾಡಿಯೇ ಬಿಟ್ಟರು. ಚಳಿಯಲ್ಲಿ, ಮನೆ ಮುಂದಿನ ಜಾಗದಲ್ಲಿ ಕಾರನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿ, ಅಡಿಯಲ್ಲಿ ಮಲಗಿದರು. ಗಟ್ಟಿ ಸ್ಪ್ರಿಂಗು ತೆಗೆದು ಮೆತ್ತನೆಯವನ್ನು ಹಾಕಿದರು. ಹಳೆಯ ಶಾಕ್ ಅಬ್ಸಾರ್ಬರುಗಳ ಜಾಗಕ್ಕೆ ಹೊಸವು ಬಂದವು. ಅವುಗಳ ತಲೆಯ ಮೇಲೊಂದು ತಿರುಪು, ತಿರುಗಿಸಿದಷ್ಟೂ ಮೆತ್ತಗಾಗುತ್ತದಂತೆ. ಚಕ್ರ ಚಿಕ್ಕದಾಯಿತು, ಟೈರು ದಪ್ಪವಾಯಿತು. ಕಾರು ನೆಲದಿಂದ ಎರಡು ಬೆರಳು ಮೇಲಕ್ಕೆ ಬಂತು. ಅಷ್ಟು ಪ್ರೀತಿಸಿದ ಕಾರಿನ ಸೊಗಸೆಲ್ಲ ಕೆಡಿಸಿಕೊಂಡರು ಪಾಪ, ಒಂದು ಸಲವೂ ಗೊಣಗಲಿಲ್ಲ.

ಪರೀಕ್ಷೆ ಮಾಡಿದ ರೀತಿ ಕೇಳಬೇಕು. ನಾನು ರಾತ್ರಿ ಹೆಪ್ಪು ಹಾಕಿಟ್ಟ ಮೊಸರಿನ ಸ್ಟೀಲ್ ಡಬ್ಬಿಯನ್ನು ನನ್ನ ಸೀಟಿನಲ್ಲಿಟ್ಟು, ಬೆಲ್ಟು ಕಟ್ಟಿ, ಊರಿನ ಕೆಟ್ಟ ರಸ್ತೆಗಳನ್ನೆಲ್ಲ ಸುತ್ತಿ ಬರುವುದು. ಮೊದಲ ದಿನ ಮೊಸರು ಒಡೆದು ನೀರಾಗಿತ್ತು. ತಿರುಪು ತಿರುಗಿಸಿದರು, ಮಾರನೇ ದಿನ ಮತ್ತೆ ಹೋದರು. ಮನೆಯಲ್ಲಿ ಊಟಕ್ಕೆ ಮೊಸರೇ ಇಲ್ಲ.

"ಬುದ್ಧಿ ನೆಟ್ಟಗಿದೆಯೇನ್ರೀ ನಿಮಗೆ? ನನ್ನ ಹೊಟ್ಟೆ ಏನು ಮೊಸರಿನ ಡಬ್ಬಿನಾ?" ಎಂದು ಬೈದೆ.

ಕೊನೆಗೊಂದು ದಿನ ಡಬ್ಬಿ ಹಿಡಿದು ಒಳಗೆ ಬಂದರು. ಮುಚ್ಚಳ ತೆಗೆದು ತೋರಿಸಿದರು. ಮೇಲಿನ ಕೆನೆ ಒಂದಿಷ್ಟೂ ಬಿರಿದಿರಲಿಲ್ಲ. ಇವರ ಕಣ್ಣಲ್ಲಿ ನೀರಿತ್ತು, ನನಗೆ ನಗು ಬಂತು. ನಗುತ್ತಲೇ ಅಪ್ಪಿಕೊಂಡೆ.

ಅಂದು ಸಂಜೆ ಆ ಕಾರಿನಲ್ಲಿ ಕೂತಾಗ ನಿಜವಾಗಿಯೂ ಹಾಯೆನಿಸಿತು. ಗುಂಡಿ ಬಂತು ಎಂದು ಕಣ್ಣಿಗೆ ಗೊತ್ತಾಗುತ್ತಿತ್ತು, ಮೈಗೆ ಗೊತ್ತಾಗುತ್ತಿರಲಿಲ್ಲ. ಆ ಕೆಲವು ವಾರ ನಾನು ಹೆದರಲಿಲ್ಲ. ಈ ಸಲ ಮಗು ನಿಲ್ಲುತ್ತದೆ ಎಂದು ನಂಬಿಬಿಟ್ಟೆ. ಕಾರು ಓಡುತ್ತಿರುವಾಗಲೇ ಅವ್ವನಿಗೂ ಫೋನಿನಲ್ಲಿ ರಸ್ತೆ ತೋರಿಸಿದೆ. "ನಮ್ಮ ಅಳಿಯಾರು ಬಂಗಾರದಂಥಾವ್ರು," ಎಂದಳು.

ಐದನೇ ತಿಂಗಳ ಸ್ಕ್ಯಾನಿಗೂ ಅದೇ ಕಾರಿನಲ್ಲಿ ಹೋದೆವು. ಹೊಟ್ಟೆಯ ಮೇಲೆ ಯಂತ್ರ ಆಡಿಸುತ್ತಿದ್ದ ಹುಡುಗಿ ಅಲ್ಲಿಯವರೆಗೆ ಹವಾಮಾನದ ಮಾತಾಡುತ್ತಿದ್ದಳು. ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ, ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಡಾಕ್ಟರು ಬಂದರು. ಮಗುವಿನ ಎದೆಬಡಿತ ಇರಲಿಲ್ಲ. ನಿಂತು ಒಂದು ವಾರವಾದರೂ ಆಗಿರಬಹುದು ಎಂದರು. ಆ ವಾರವೆಲ್ಲ ಇವರು ಗುಂಡಿ ತಪ್ಪಿಸಿ ತಪ್ಪಿಸಿ ನನ್ನನ್ನು ಕರೆದುಕೊಂಡು ಓಡಾಡಿದ್ದರು.

ಮಾತ್ರೆ ಕೊಟ್ಟು ಹೆರಿಗೆ ಮಾಡಿಸಿದರು. ಸತ್ತಿದ್ದರೂ ಹೆರಲೇಬೇಕು ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹೆಣ್ಣು. ಇವರ ಅಂಗೈಗಿಂತ ಸ್ವಲ್ಪ ದೊಡ್ಡದು. ಬೆರಳು, ಉಗುರು ಎಲ್ಲ ಮೂಡಿದ್ದವು.

ಮನೆಗೆ ಹೊರಟಾಗ ಇವರು ಎಂದಿನಂತೆ ಮೆಲ್ಲಗೆ ಕಾರು ಬಿಡುತ್ತಿದ್ದರು. ಗೆರೆ ಎಳೆದ ಗುಂಡಿ ಬಂದರೆ ಅಷ್ಟು ದೂರದಿಂದಲೇ ನಿಧಾನ ಮಾಡುವುದು, ಪಕ್ಕಕ್ಕೆ ತೆಗೆದುಕೊಳ್ಳುವುದು. ಒಂದು ಬಿಟ್ಟರು, ಎರಡು ಬಿಟ್ಟರು. ನನಗೆ ತಡೆಯಲಾಗಲಿಲ್ಲ.

"ಯಾರಿಗೋಸ್ಕರ ಮೆಲ್ಲಗೆ ಹೋಗ್ತಿದ್ದೀರಾ? ಯಾರಿದ್ದಾರೆ ಇದರಲ್ಲಿ? ಹೊಡೀರಿ! ಎಲ್ಲಾ ಗುಂಡಿಗೂ ಹೊಡೀರಿ!"

ಇವರು ಕಾರು ನಿಲ್ಲಿಸಿ, ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತರು. ಆಮೇಲೆ ಮುಖ ಒರೆಸಿಕೊಂಡು ಮತ್ತೆ ಅಷ್ಟೇ ಮೆಲ್ಲಗೆ ಮನೆಗೆ ಕರೆತಂದರು.

ಕೆಲವು ವಾರಗಳ ನಂತರ ಪರೀಕ್ಷೆಗಳ ಫಲಿತಾಂಶಕ್ಕೆಂದು ಆಸ್ಪತ್ರೆಗೆ ಕರೆದರು. ನನ್ನಲ್ಲಿ ದೋಷವಿಲ್ಲ, ಮಗುವಿನಲ್ಲೂ ದೋಷವಿಲ್ಲ, ಕಾರಣ ಸಿಗಲಿಲ್ಲ ಎಂದರು. ಬಹಳ ಸಲ ಹೀಗೇ, ಕಾರಣ ಸಿಗುವುದೇ ಇಲ್ಲ ಎಂದೂ ಹೇಳಿದರು. ಸಂಜೆ ಅವ್ವನ ಫೋನು ಬಂತು. ಇವರು ಎತ್ತಿ ಸ್ಪೀಕರಿಗೆ ಹಾಕಿ, ಡಾಕ್ಟರು ಅಂದಷ್ಟನ್ನೂ ಒಪ್ಪಿಸಿದರು. ಅವ್ವ ಎಲ್ಲ ಕೇಳಿ, ತಡೆದು ತಡೆದು ಅಂದಳು:

"ತಪ್ಪು ತಿಳ್ಕೋಬ್ಯಾಡ್ರಿ ಅಳಿಯಾರ. ಆ ಗಾಡಿ ಕೆಲಸ ಇನ್ನೊಂಚೂರು ಮದ್ಲ ಮಾಡಿದ್ರ... ಉಳೀತಿತ್ತೇನ್ರಿ ಕೂಸು?"

ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಇವರೇ ಮಾತಾಡಿದರು.

"ಹೌದು ಅತ್ತೆ. ನಾನು ತಡ ಮಾಡಿಬಿಟ್ಟೆ. ಮೊದಲೇ ಮಾಡ್ಬೇಕಿತ್ತು. ನಂದೇ ತಪ್ಪು."

ಅತ್ತೆಯನ್ನು ಸಮಾಧಾನ ಮಾಡಲು ಅಂದ ಮಾತಲ್ಲ ಅದು. ನಾನು ಇವರ ಮುಖ ನೋಡುತ್ತಿದ್ದೆ. ಆಸ್ಪತ್ರೆಯಿಂದ ಬಂದಾಗಿನಿಂದ ಬಿಗಿದುಕೊಂಡಿದ್ದ ಹುಬ್ಬು ಸಡಿಲಾಗಿತ್ತು. ನಾನು ಫೋನು ಕಸಿದುಕೊಂಡೆ.

"ಅವ್ವಾ, ಹುಚ್ಚುಚ್ಚಾರ ಮಾತಾಡಬ್ಯಾಡ! ಗಾಡೀದೇನ್ ತಪ್ಪಿಲ್ಲ, ರಸ್ತಾದ್ದಿಲ್ಲ. ಇವರದಿಲ್ಲ, ನಂದೂ ಇಲ್ಲ. ಯಾರದೂ ತಪ್ಪಿಲ್ಲ, ತಿಳೀತಿಲ್ಲೋ?"

ಅವ್ವ ಜಗಳಕ್ಕೆ ಬರಲಿಲ್ಲ. ಸಣ್ಣ ದನಿಯಲ್ಲಿ ಕೇಳಿದಳು:

"ಹಂಗಾದ್ರ ಯಾಕ ಹೋತವ್ವಾ ಅದು?"

ಇವರೂ ತಲೆ ಎತ್ತಿ ನನ್ನ ಮುಖ ನೋಡಿದರು. ಹಿಡಿದುಕೊಳ್ಳಲು ಇವರಿಗೆ ಒಂದು ಕಾರಣ ಸಿಕ್ಕಿತ್ತು, ಅದನ್ನೂ ನಾನು ಕಿತ್ತುಕೊಂಡಿದ್ದೆ. ಈಗ ಇಬ್ಬರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ಗೊತ್ತಿಲ್ಲವ್ವಾ," ಎಂದೆ.