ಅಪ್ಪಣೆ ಮಾವನ ರಕ್ತಪರೀಕ್ಷೆ

ಬೀದಿಯವರಿಗೆಲ್ಲ ಅವನು ಅಪ್ಪಣೆ ಮಾವ. ಸೈನ್ಯದಲ್ಲಿ ನೆಲಬಾಂಬು ಹುಡುಕಿ ತೆಗೆಯುತ್ತಿದ್ದವನು. ನಿವೃತ್ತನಾದರೂ ಸಿಪಾಯಿಗುಣ ಸುಟ್ಟರೂ ಹೋಗಿರಲಿಲ್ಲ. ಹೆಂಡತಿ ತರಕಾರಿ ತನ್ನಿ ಎಂದರೂ “ಅಪ್ಪಣೆ” ಎಂದು ಚೀಲ ಎತ್ತುವ ಆಸಾಮಿ. ಪ್ರಾಸ್ಟೇಟ್ ಕ್ಯಾನ್ಸರ್ ಇದೆ, ವಂಶವಾಹಿ ಪರೀಕ್ಷೆ ಮಾಡಿಸಿದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದಾಗಲೂ ಅದನ್ನೇ ಅಂದಿದ್ದ.

ಈಗ ಮಾಜಿ ಸೈನಿಕರ ಆಸ್ಪತ್ರೆಯ ಪುಟ್ಟ ಕೋಣೆಯಲ್ಲಿ ರಕ್ತ ಕೊಡಲು ಅಂಗಿಯ ತೋಳು ಮಡಚಿ ಕೂತಿದ್ದ. ಎದುರಿಗಿದ್ದ ಸಲಹೆಗಾರ್ತಿ ಸೂಜಿ ಮುಟ್ಟಲೇ ಇಲ್ಲ.

“ಯಜಮಾನ್ರೆ, ಈ ಪರೀಕ್ಷೆ ಯಾಕೆ ಅಂತ ನಿಮ್ಮ ಮಾತಲ್ಲಿ ಹೇಳಿ.”

“ಡಾಕ್ಟ್ರು ಹೇಳಿದಾರೆ, ಅದಕ್ಕೆ.”

“ಅದು ಸಲಹೆ. ಬೇಡ ಅಂದ್ರೂ ನಿಮ್ಮ ಚಿಕಿತ್ಸೆ ನಿಲ್ಲಲ್ಲ.”

ಬೇಡ ಎನ್ನಬಹುದು ಎಂದ ಕೂಡಲೇ ಮಾವನ ಬೆನ್ನು ಬೆವೆತಿತು.

ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ವಂಶವಾಹಿಯಲ್ಲಿ ದೋಷ ಸಿಕ್ಕರೆ ಅವನಿಗೆ ಬೇರೆ ಔಷಧಿ ಒಗ್ಗಬಹುದು. ಒಮ್ಮೊಮ್ಮೆ ಉತ್ತರ ಸ್ಪಷ್ಟವಾಗಿ ಸಿಗದೆಯೂ ಇರಬಹುದು. “ಸಿಕ್ಕಿದ್ರೆ, ಅದು ನಿಮ್ಮ ಮಗಳಿಗೂ ಬಂದಿರೋ ಸಾಧ್ಯತೆ ಅರ್ಧಕ್ಕರ್ಧ. ಬಂದಿದ್ರೆ ಸ್ತನ ಕ್ಯಾನ್ಸರಿನ ಅಪಾಯ ಜಾಸ್ತಿ. ಮೊದಲೇ ಗೊತ್ತಿದ್ರೆ ತಪಾಸಣೆ ಮಾಡಿಸ್ತಾ ಎಚ್ಚರವಾಗಿರಬಹುದು.”

ಮಗಳು ಹೊರಗೆ ಬೆಂಚಿನ ಮೇಲಿದ್ದಳು. ಮಂಡಿನೋವು ಎಂದು ಸುಳ್ಳು ಹೇಳಿ ಜೊತೆಗೆ ಕರೆತಂದಿದ್ದ.

ಮಾವ ಬಾಗಿಲ ಕಡೆ ನೋಡಿದ. “ಗೊತ್ತಾಗದೆ ಇರೋದೇ ವಾಸಿ ಅಲ್ವೇನಮ್ಮಾ?”

“ಹಾಗೆ ಅಂದ್ಕೊಳ್ಳೋರೂ ಇದ್ದಾರೆ. ತಪ್ಪಲ್ಲ. ಅವಸರ ಏನಿಲ್ಲ, ಮನೆಗೆ ಹೋಗಿ ಯೋಚಿಸಿ.”

ಇವಳಾದರೂ ಮಾಡಿಸಿ ಎಂದು ಒಂದು ಮಾತು ಗದರಬಾರದೇ! ಮನಸ್ಸು ಗಾಳಿಗೆ ಸಿಕ್ಕ ತರಗೆಲೆಯಾಯಿತು. ತನ್ನ ರಕ್ತವೇ ಮಗಳಿಗೆ ಮುಳುವಾದರೆ? ಕಿಟಕಿಯಾಚೆ ನೋಡಿದ. ಸೈನ್ಯದ ದಿನಗಳು ನೆನಪಾದವು. ನೆಲಬಾಂಬಿನ ಬಯಲಲ್ಲಿ ಅವನೇ ಮುಂದೆ, ಉಳಿದವರು ಅವನ ಹೆಜ್ಜೆ ಮೇಲೆ ಹೆಜ್ಜೆ. ಬಾಂಬು ಹೂತವನು ಅವನಲ್ಲ. ಆದರೆ ಅನುಮಾನ ಬಂದ ಕಡೆ ಕೆಂಪು ಬಾವುಟ ನೆಡದೆ ಮುಂದೆ ಸಾಗಿದರೆ ಆ ತಪ್ಪು ಅವನದೇ.

ಎದ್ದು ಬಾಗಿಲು ತೆರೆದ. “ಒಳಗೆ ಬಾ ಮಗಳೇ.”

“ಮಂಡಿಗೆ ಇಂಜೆಕ್ಷನ್ನಾ ಅಪ್ಪಾ? ಸೂಜಿ ಕಂಡ್ರೆ ಭಯಾನಾ ಸಿಪಾಯಿಗೆ?”

“ಮಂಡಿ ಗಟ್ಟಿಯಾಗೇ ಇದೆ ಕಣಮ್ಮ. ಭಯ ಬೇರೆ ವಿಷಯಕ್ಕೆ.”

ಅವಳ ನಗು ಮಾಸಿತು. ಕುರ್ಚಿ ಎಳೆದು ಕೂರಿಸಿ ಎಲ್ಲ ಹೇಳಿದ, ಮುಚ್ಚುಮರೆಯಿಲ್ಲದೆ. “ಪರೀಕ್ಷೆ ನಾನು ಮಾಡಿಸ್ಕೋತೀನಿ. ಏನು ಬಂತು ಅಂತ ನಿನಗೆ ತಿಳೀಬೇಕೋ ಬೇಡ್ವೋ, ನೀನೇ ಹೇಳು. ಅಪ್ಪಣೆ ಅಲ್ಲ ಇದು.”

ಮಗಳು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು. ಅಂಗಿಯ ತೋಳು ಮಡಚಿಕೊಂಡೇ ಮಾವ ಅವಳ ಉತ್ತರಕ್ಕೆ ಕಾಯುತ್ತ ಕೂತ.