ಇಳಿಯಲು ಟೈಮ್

ಬೀದರಿನ ಚಿದ್ರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ರಿಟೈರಾದ ಕಂಡಕ್ಟರ್. ಔರಾದ-ಭಾಲ್ಕಿ-ಬೀದರ ಬಸ್ಸಿನಲ್ಲಿ ಕೊನೆಯ ಮುದುಕಿ ಗಂಟು ಸಮೇತ ನೆಲಕ್ಕೆ ಕಾಲಿಡುವ ತನಕ ಅವರು ಸೀಟಿ ಊದುತ್ತಿರಲಿಲ್ಲ. ಡ್ರೈವರ್ ಗೊಣಗಿದರೆ, “ಇಳೀಲಾಕ ಟೈಮ್ ಕೊಡ್ರಿ” ಎನ್ನುತ್ತಿದ್ದರು.

ಅವರ ಹೆಂಡತಿಗೆ ರಷ್ಯಾ ನೋಡುವ ಆಸೆ. ಮೊಣಕಾಲು ಸವೆಯುತ್ತಿತ್ತು, ಹೋದರೆ ಆ ವರ್ಷವೇ ಹೋಗಬೇಕು. ಬಟ್ಟೆ ವ್ಯಾಪಾರಿ, ಚೌಕಾಸಿಗೆ ಗಟ್ಟಿಗ ಎಂದು ನನ್ನನ್ನೂ ಟ್ರಾವೆಲ್ ಏಜೆಂಟನ ಬಳಿ ಕರೆದೊಯ್ದರು.

“ಎಂಟು ದಿನ, ಒಂಬತ್ತು ಊರು” ಎಂದ ಏಜೆಂಟ. ನಾನು ಜಗ್ಗಾಡಿ ಅದೇ ದರಕ್ಕೆ ಹತ್ತನೇ ಊರನ್ನೂ ಸೇರಿಸಿದೆ. ಗೆದ್ದೆನೆಂದು ಮೀಸೆ ಸವರಿಕೊಂಡೆ.

ಕಂಡಕ್ಟರ್ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಪ್ರತಿ ಊರು ಮುಟ್ಟುವ, ಬಿಡುವ ವೇಳೆ ಬರೆದರು. “ಎಲ್ಲಾ ಬರೋಬ್ಬರಿ ಅದರಿ. ಇದ್ರಾಗ ಇಳೀಲಾಕ ಟೈಮ್ ಎಲ್ಲದರಿ?”

“ಕಿಡಕ್ಯಾಗಿಂದ ಕಾಣ್ತದಲ್ರೀ ಕಾಕಾ” ಎಂದ ಏಜೆಂಟ.

“ಕಿಡಕ್ಯಾಗ ನೋಡ್ಲಾಕ ಔರಾದ ಬಸ್ಸೇ ಸಾಕಿತ್ತಲ್ಲಪ್ಪಾ” ಎಂದರು ಅವರ ಹೆಂಡತಿ.

ಕಂಡಕ್ಟರ್ ಪಟ್ಟಿಯಿಂದ ಎಂಟು ಊರು ಹೊಡೆದುಹಾಕಿದರು. ಉಳಿದದ್ದು ಎರಡು ಊರು, ನಡುವೆ ಒಂದು ಉದ್ದದ ರೈಲು ಪ್ರಯಾಣ. ನೀವೂ ಹೊರಟರೆ ನನ್ನ ಮಾತು ಕೇಳಿ: ದರ ಆಮೇಲೆ ಜಗ್ಗಿ, ಮೊದಲು ಊರು ಕಡಿಮೆ ಮಾಡಿಸಿ.

ಎರಡು ತಿಂಗಳ ಮೇಲೆ ನಾನು ಅಂಗಡಿಯಲ್ಲಿದ್ದಾಗ ವಿಡಿಯೋ ಕಾಲ್ ಬಂತು. ಯಾವುದೋ ರಷ್ಯಾದ ಸ್ಟೇಷನ್ನು, ಹಿಂದೆ ನಿಂತ ರೈಲು. ಆ ತಾಯಿ ಪ್ಲಾಟ್‌ಫಾರ್ಮಿನ ಮೇಲೆ ಎರಡೂ ಕಾಲೂರಿ ನಿಂತು ಚಹಾ ಕುಡಿಯುತ್ತಿದ್ದರು.

“ಇಳದೀನ್ರೀ ಸೇಠಜೀ!” ಎಂದು ಕೂಗಿದರು. “ಇನ್ನ ಇಪ್ಪತ್ತು ಮಿನಿಟ್ ಅದ ಅಂತ. ನಿಮ್ಮ ಕಂಡಕ್ಟರ್ ಸೀಟಿ ಊದಂಗಿಲ್ಲ!”