ಬಿಚ್ಚು ಅಂದರೆ ಭೇಷ್ ಅಲ್ಲ

“ನೋಡಿ ಅತ್ತಿಗೆ, ಆ ದೇಶದಲ್ಲಿ ನನಗೆ ಬಾಯಿದ್ದೂ ಇಲ್ಲದ ಹಾಗೆ. ಮಕ್ಕಳ ಭಾಷೆ ನನಗೆ ಬರಲ್ಲ, ನಂದು ಅವಕ್ಕೆ ಬರಲ್ಲ. ಸರಿ, ಬಟ್ಟೆ ಹಿಡಿದು ತೋರಿಸಿದೆ, ಕತ್ತರಿ ಹಿಡಿದು ತೋರಿಸಿದೆ. ಹೊಲಿಗೆ ಸೊಟ್ಟ ಆದ್ರೆ ಮಾತ್ರ ನನ್ನ ಬಾಯಿ ಸುಮ್ಮನಿರಲ್ವಲ್ಲ, ‘ಬಿಚ್ಚು ಕಂದಾ’ ಅಂತಿದ್ದೆ. ಬೆನ್ನು ತಟ್ಟಿ ನಕ್ಕೊಂಡೇ ಅಂತಿದ್ದೆ. ಆ ಮಕ್ಕಳೋ, ಬಿಚ್ಚು ಅಂದ ಕೂಡಲೇ ಮುಖ ಅರಳಿಸಿಕೊಂಡು ಓಡಿಹೋಗಿ ಪಕ್ಕದವರಿಗೆ ತೋರಿಸ್ತಿದ್ವು. ಒಂದೂ ಬಿಚ್ಚಲಿಲ್ಲ! ಎಂಥ ಮೊಂಡು ಮಕ್ಕಳಪ್ಪಾ, ನಗ್ತಾ ನಗ್ತಾನೇ ಮಾತು ಮೀರ್ತಾವಲ್ಲ ಅಂದ್ಕೊಂಡೆ. ಎರಡು ತಿಂಗಳು ಹೀಗೇ ಕಳೀತು.”

ಹೀಗೆ ಹೇಳುವವಳು ನನ್ನ ನಾದಿನಿ. ನಮ್ಮ ಬೀದಿಯ ಮೂಲೆಯಲ್ಲಿ ಒಂದು ಕಾಲು ಮಿಷನ್ ಇಟ್ಟುಕೊಂಡು ಮೂವತ್ತು ವರ್ಷ ಶಾಲೆ ಮಕ್ಕಳ ಸಮವಸ್ತ್ರ ಹೊಲಿದವಳು. ಅವಳು ಕೆಲಸ ಕಲಿಯುವಾಗ ಅಂಗಡಿ ಯಜಮಾನ ತಪ್ಪಿಗೊಂದರಂತೆ ಅಳತೆ ಪಟ್ಟಿಯಲ್ಲಿ ಬೆರಳಿನ ಗಂಟಿಗೆ ಹೊಡೆದು, “ಬಿಚ್ಚು!” ಅಂತ ಗದರುತ್ತಿದ್ದನಂತೆ. ತಾನು ಯಾರಿಗಾದರೂ ಕಲಿಸುವ ದಿನ ಬಂದರೆ ಆ ಮಾತನ್ನು ಮುದ್ದಾಗಿಯೇ ಹೇಳಬೇಕು ಅಂತ ಅವತ್ತೇ ಹಟ ತೊಟ್ಟಳು. ಅವಳ ಹಟ ಅಂದರೆ ಉಡದ ಪಟ್ಟು.

ಪರದೇಶದ ಶಾಲೆಯೊಂದಕ್ಕೆ ಹೊಲಿಗೆ ಕಲಿಸುವವರು ಬೇಕು, ಸಂಬಳ ಇಲ್ಲ, ಊಟ ಮತ್ತು ಒಂದು ಕೋಣೆ ಕೊಡ್ತೀವಿ ಅಂತ ಸೇವಾ ಸಂಘವೊಂದರವರು ಕೇಳಿದಾಗ, ಐವತ್ತೆಂಟರ ಇವಳು ಹೊರಟೇಬಿಟ್ಟಳು.

“ಭಾಷೆ ಬಾರದ ಕಡೆ ಹೋಗಿ ಏನು ಮಾಡ್ತೀಯೇ?” ಅಂದೆ.

“ಸೂಜಿಗೆ ಯಾವ ಭಾಷೆ ಬರುತ್ತೆ ಅತ್ತಿಗೆ?” ಅಂದಳು.

ಮೂರನೆಯ ತಿಂಗಳು ಆ ಶಾಲೆಯ ಹೆಡ್‌ಮೇಡಂ ಹೊಲಿಗೆ ಕೋಣೆಗೆ ಬಂದರಂತೆ. ಹನ್ನೊಂದು ಮಕ್ಕಳು, ಹನ್ನೊಂದು ಕೈಚೀಲ. ಒಂದರ ಹಿಡಿ ಎಳೆದರು, ಕೈಗೇ ಬಂತು. ಅವರು ಹೇಳಿದ್ದನ್ನು ಲೆಕ್ಕದ ಮೇಷ್ಟ್ರು ಅರೆಬರೆ ಇಂಗ್ಲಿಷಿನಲ್ಲಿ ತಿಳಿಸಿದರು. ಹದಿನೈದು ದಿನದಲ್ಲಿ ಪ್ರತಿ ಮಗುವೂ ಪುಸ್ತಕದ ಭಾರ ತಡೆಯುವ ಚೀಲ ಹೊಲಿಯಬೇಕು. ಇಲ್ಲದಿದ್ದರೆ ಹೊಲಿಗೆ ತರಗತಿ ಬಂದ್, ಆ ಕೋಣೆಗೆ ಜಗಲಿಯಲ್ಲಿರುವ ಮುರಿದ ಬೆಂಚು ತುಂಬಿಸುವುದು.

ಬಿಚ್ಚು ಅಂದಾಗೆಲ್ಲ ಮಕ್ಕಳ ಮುಖ ಅರಳುತ್ತಿದ್ದದ್ದು ನಾದಿನಿಗೆ ಆಗ ನೆನಪಾಯಿತು. ಮೇಷ್ಟ್ರನ್ನು ಬಾಗಿಲಲ್ಲೇ ತಡೆದು, ತನಗೆ ಬರುವ ನಾಲ್ಕು ಇಂಗ್ಲಿಷ್ ಮಾತಲ್ಲೇ, “ನಾನು ಬಿಚ್ಚು ಅಂದ್ರೆ ಇವಕ್ಕೆ ಏನು ಅರ್ಥ ಆಗುತ್ತೆ, ಕೇಳಿ” ಅಂದಳು. ಮೇಷ್ಟ್ರು ಕಣ್ಣರಳಿಸಿದರು. “ಬಹಳ ಚೆನ್ನಾಗಿದೆ ಅಂತ ತಾನೇ? ಲೆಕ್ಕ ಸರಿ ಮಾಡಿದವರಿಗೆ ನಾನೂ ಈಗ ಅದನ್ನೇ ಹೇಳ್ತೀನಲ್ಲ!”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನ್ನ ಕಥೆ ಹಂಗಾಯ್ತು ಅತ್ತಿಗೆ. ತಪ್ಪು ನಂದು, ಮೊಂಡು ಅಂದ್ಕೊಂಡಿದ್ದು ಮಕ್ಕಳನ್ನ.”

ಮಾರನೆಯ ಬೆಳಿಗ್ಗೆ ತಾನೇ ಹೊಲಿದುಕೊಂಡಿದ್ದ ಮೇಲಂಗಿಯನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು, ಕತ್ತರಿ ತುದಿಯಿಂದ ಒಂದೊಂದೇ ಹೊಲಿಗೆ ಕಿತ್ತು, “ಬಿಚ್ಚು” ಅಂದಳು. ತೋಳು ಪೂರ್ತಿ ಕಳಚಿ ಬಂತು. ಅವಳು ಮೆಣಸಿನಕಾಯಿ ಅಂತ ಕರೆಯುತ್ತಿದ್ದ ಚುರುಕು ಹುಡುಗಿಯೊಬ್ಬಳು ಗಾಬರಿಯಾಗಿ ನಾದಿನಿಯ ಕೈ ಹಿಡಿದುಕೊಂಡಳಂತೆ. ನಾದಿನಿ ತೋಳನ್ನು ಬೇಕೆಂದೇ ಸೊಟ್ಟಗೆ ಹೊಲಿದು, ಮುಖ ಹುಳ್ಳಗೆ ಮಾಡಿ, ಮತ್ತೆ “ಬಿಚ್ಚು” ಅಂದಳು. ಅದನ್ನೂ ಕಿತ್ತು, ನೆಟ್ಟಗೆ ಹೊಲಿದು, “ಭೇಷ್!” ಅಂದಳು.

ಎರಡು ತಿಂಗಳು ತಮಗೆ ಸಿಕ್ಕ ಹೊಗಳಿಕೆಯೆಲ್ಲ ಏನಾಗಿತ್ತು ಅಂತ ಮಕ್ಕಳಿಗೆ ಆಗ ಹೊಳೆಯಿತು. ಮೆಣಸಿನಕಾಯಿ ಕಣ್ಣು ತುಂಬಿಕೊಂಡು ಹೋಗಿ ತನ್ನ ಚೀಲ ತಂದು, ಕತ್ತರಿಗೆ ಕೈ ಚಾಚಿದಳು.

ಆಮೇಲೆ ಬಿಚ್ಚಿದ್ದೇ ಬಿಚ್ಚಿದ್ದು. ಸೂಜಿ ತೂತು ಬಿದ್ದು ಬಿದ್ದು ಬಟ್ಟೆ ಜರಡಿಯಾದಾಗ ನಾದಿನಿ ತನ್ನ ಹಾಸಿಗೆಯ ಮೇಲುಹೊದಿಕೆಯನ್ನೇ ಕತ್ತರಿಸಿ ಕೊಟ್ಟಳು.

ಹದಿನೈದನೆಯ ದಿನ ಹೆಡ್‌ಮೇಡಂ ಪ್ರತಿ ಚೀಲಕ್ಕೂ ನಾಲ್ಕು ದಪ್ಪ ಪುಸ್ತಕ ತುಂಬಿ ಎತ್ತಿ ನೋಡಿದರು. ಹತ್ತು ತಡೆದವು. ಹನ್ನೊಂದನೆಯದು ಮೆಣಸಿನಕಾಯಿಯದು, ಹಿಡಿಯ ಬುಡದಲ್ಲಿ ದಾರ ಜಾರಿತು. ಮೇಡಂ ಬಾಯಿ ತೆರೆಯುವ ಮೊದಲೇ ಹುಡುಗಿ ಚೀಲ ಕಿತ್ತುಕೊಂಡು, “ಬಿಚ್ಚು!” ಅಂತ ತನಗೆ ತಾನೇ ಗದರಿಕೊಂಡು ನೆಲದ ಮೇಲೆ ಕೂತು ಹೊಲಿಗೆ ಕೀಳತೊಡಗಿದಳು. ನಾದಿನಿ ನೆರವಿಗೆ ಹೋಗಲಿಲ್ಲ. ಮೇಡಂ ಕದಲಲಿಲ್ಲ. ಅವಳು ಹೊಲಿದು ಮುಗಿಸಿದ ಮೇಲೆ ಅದೇ ನಾಲ್ಕು ಪುಸ್ತಕ ತುಂಬಿ ಎತ್ತಿದರು. ತಡೆಯಿತು.

“ಮೇಡಂ ಏನಂದ್ರು ಆಮೇಲೆ?” ಅಂತ ಕೇಳಿದೆ.

“ಮುರಿದ ಬೆಂಚು ಜಗಲಿಯಲ್ಲೇ ಇರಲಿ ಅಂದ್ರಂತೆ.”

ವರ್ಷ ಮುಗಿಸಿ ಬಂದವಳು ಮುಂದಿನ ತಿಂಗಳು ಮತ್ತೆ ಹೊರಟಿದ್ದಾಳೆ. “ಇನ್ನೂ ಕಾಲರ್ ಕೂರಿಸೋದು ಹೇಳಿಕೊಟ್ಟಿಲ್ಲ ಅತ್ತಿಗೆ” ಅಂದಳು. ಕಥೆ ಹೇಳುತ್ತಲೇ ನನ್ನ ದಿಂಬಿನ ಚೀಲ ಹೊಲಿದು ಮುಗಿಸಿದ್ದಳು. ಮಿಷನ್ನಿಗೆ ಬಟ್ಟೆ ಹೊದಿಸಿ, ಪೊರಕೆ ತಂದು ಬಗ್ಗಿದಳು.

“ಕಾಲು ಎತ್ತಿ, ಸೂಜಿ ಗೀಜಿ ಬಿದ್ದಿದ್ದಾವು” ಅಂದಳು. ನಾನು ಕಾಲು ಮೇಲೆತ್ತಿ ಕೂತೆ. ಅವಳು ದಾರದ ಚೂರುಗಳನ್ನೆಲ್ಲ ಒಂದು ಮೂಲೆಗೆ ಗುಡಿಸತೊಡಗಿದಳು.